ಆಟಕ್ಕೆ ಕೇಳಿದ ಹೂವು

ಆಟ ಶುರುವಾಗುವ ಮೊದಲೇ ನಮ್ಮಲ್ಲಿ ಜಗಳ ಶುರುವಾಗಿತ್ತು. ಯಾರು ಏನಾಗಬೇಕು ಎಂಬುದೇ ಜಗಳ. ಅದೊಂದು ಕಂಪ್ಯೂಟರ್ ಆಟ. ನಾಲ್ಕು ಜನ ಸೇರಿ ತಂಡ ಕಟ್ಟಿಕೊಂಡು ಕಾಡು, ಗುಹೆ, ಪಾಳು ಕೋಟೆ ಎಂದು ತಿರುಗಬೇಕು, ಅಡ್ಡ ಬಂದ ರಾಕ್ಷಸರನ್ನು ಹೊಡೆದು ಮುಂದೆ ಹೋಗಬೇಕು. ಆದರೆ ಒಳಗೆ ಕಾಲಿಡುವ ಮೊದಲು ಒಬ್ಬೊಬ್ಬರೂ ತಾವು ಯಾರು ಎಂದು ಆರಿಸಿಕೊಳ್ಳಬೇಕು. ಕತ್ತಿ ಹಿಡಿದು ಮುಂದೆ ನಿಲ್ಲುವ ಯೋಧ, ದೂರದಿಂದ ಬೆಂಕಿ ಎಸೆಯುವ ಮಂತ್ರವಾದಿ, ಬೀಗ ಒಡೆಯುವ ಕಳ್ಳ, ಹಿಂದೆ ನಿಂತು ಎಲ್ಲರ ಗಾಯ ಮಾಯಿಸುವ ವೈದ್ಯ. ಒಮ್ಮೆ ಆರಿಸಿದರೆ ಮುಗಿಯಿತು. ಒಬ್ಬರು ಬದಲಾಯಿಸಬೇಕೆಂದರೂ ನಾಲ್ವರೂ ಮೊದಲಿನಿಂದ ಶುರು ಮಾಡಬೇಕು.

ನಾಲ್ವರು ಯಾರೆಂದು ಹೇಳಿಬಿಡುತ್ತೇನೆ. ಚನ್ನಗಿರಿಯಲ್ಲಿ ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟುಕೊಂಡಿರುವ ನಾನು. ಪಹಣಿ ತೆಗೆದುಕೊಡುವುದು, ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ಪರೀಕ್ಷೆ ಫೀ ಕಟ್ಟುವುದು, ಇವೇ ನನ್ನ ಕೆಲಸ. ಎರಡನೆಯವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಜಗಳೂರಿನ ಕಡೆಯವಳು, ನಮ್ಮದೇ ಮನೆಯಲ್ಲಿ ಇರುವವಳು. ಮೂರನೆಯವಳು ನಾದಿನಿ, ಗಂಡನ ತಂಗಿ. ನ್ಯಾಮತಿಯ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಈ ಆಟವನ್ನು ನಮಗೆ ಅಂಟಿಸಿದ ಪುಣ್ಯಾತ್ಗಿತ್ತಿ ಅವಳೇ. ನಾಲ್ಕನೆಯವನು ನನ್ನ ತಮ್ಮ, ಹೊನ್ನಾಳಿಯಲ್ಲಿ ಗೊಬ್ಬರದ ಅಂಗಡಿ. ಭಾನುವಾರ ಮಧ್ಯಾಹ್ನ ಸೆಂಟರಿನ ಶಟರ್ ಅರ್ಧ ಎಳೆದು ನಾನೂ ವಾರಗಿತ್ತಿಯೂ ಅಕ್ಕಪಕ್ಕದ ಕಂಪ್ಯೂಟರಿಗೆ ಕೂರುತ್ತಿದ್ದೆವು. ಉಳಿದಿಬ್ಬರು ಹೆಡ್‌ಫೋನಿನಲ್ಲಿ ಕಿವಿಯೊಳಗೇ ಕೂತಿರುತ್ತಿದ್ದರು. ನಮ್ಮಿಬ್ಬರ ಗಂಡಂದಿರು ಅಡಿಕೆ ಖೇಣಿ ಮಾಡುವವರು. ಮರದ ಮೇಲಿನ ಫಸಲನ್ನೇ ಗುತ್ತಿಗೆ ಹಿಡಿದು ಕೊಯ್ಲಿನ ಕಾಲದಲ್ಲಿ ತೋಟದಿಂದ ತೋಟಕ್ಕೆ ತಿರುಗುತ್ತಾರೆ, ಮನೆಗೆ ನೆಂಟರ ಹಾಗೆ ಬಂದು ಹೋಗುತ್ತಾರೆ. ಹಾಗಾಗಿ ಭಾನುವಾರದ ಆ ಎರಡು ಗಂಟೆಗೆ ನಮ್ಮನ್ನು ಕೇಳುವವರು ಯಾರೂ ಇರಲಿಲ್ಲ.

ಮೊದಲ ಸಲ ಆರಿಸಿಕೊಂಡಾಗ ತಮ್ಮ ಕಳ್ಳನಾದ. ಅದರಲ್ಲಿ ಯೋಚಿಸುವುದೇನೂ ಇರಲಿಲ್ಲ, ಹುಟ್ಟಿದಾಗಿನಿಂದ ಅದೇ ಕಸುಬು. ಆಟ ತಂದವಳು ನಾನು ಎಂದು ನಾದಿನಿ ಮಂತ್ರವಾದಿಯನ್ನು ಹಿಡಿದುಕೊಂಡಳು. ವಾರಗಿತ್ತಿ ಪರದೆಯ ಮೇಲೆ ಕತ್ತಿ ಕಂಡದ್ದೇ ತಡ, "ಅಕ್ಕ, ನಂಗೆ ಇದು!" ಎಂದು ಒತ್ತಿಯೇ ಬಿಟ್ಟಳು. ಉಳಿದದ್ದು ವೈದ್ಯೆ. ದೊಡ್ಡವಳು ನೋಡಿ, ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದು ನನ್ನ ತಟ್ಟೆಗೆ.

ಅಯ್ಯೋ, ಅದರಂಥ ದರಿದ್ರ ಕೆಲಸ ಇನ್ನೊಂದಿಲ್ಲ. ಎಲ್ಲರೂ ರಾಕ್ಷಸನ ಮುಖ ನೋಡುತ್ತಿದ್ದರೆ ನಾನು ಮಾತ್ರ ಪರದೆಯ ಮೂಲೆಯಲ್ಲಿ ಮೂವರ ಜೀವದ ಪಟ್ಟಿ ನೋಡುತ್ತಾ ಕೂರಬೇಕು. ಯಾರದು ಹಸಿರು, ಯಾರದು ಕೆಂಪು, ಯಾರಿಗೆ ಈಗ ಬೇಕು, ಯಾರು ಇನ್ನೊಂದು ಏಟು ತಡೆದಾರು. ಉಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಸತ್ತರೆ ಮಾತ್ರ ಮೂವರ ಬಾಯಲ್ಲೂ ನಾನೇ. "ಅತ್ತಿಗೆ, ಎಲ್ಲಿ ನೋಡ್ತಾ ಇದ್ರಿ?" ಎಂದು ನಾದಿನಿ. "ಅಕ್ಕ ನಿದ್ದೆ ಮಾಡಾಕೆ ಬಂದಾಳೆ," ಎಂದು ತಮ್ಮ. ವಾರವೆಲ್ಲ ಸರ್ವರ್ ಬಂದಿಲ್ಲ ಎಂದು ಜನರಿಂದ ಬೈಸಿಕೊಂಡು, ಮನೆಗೆ ಹೋಗಿ ಯಾರಿಗೆ ಏನು ಬೇಕೆಂದು ನೋಡಿ, ಭಾನುವಾರ ಬಂದರೆ ಇಲ್ಲೂ ಅದೇ ಚಾಕರಿಯೇ? ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಪಕ್ಕದಲ್ಲಿ ವಾರಗಿತ್ತಿ ಕತ್ತಿ ಬೀಸುತ್ತಾ "ಹೊಡಿ! ಹೊಡಿ!" ಎಂದು ಕುರ್ಚಿಯಲ್ಲೇ ಕುಣಿಯುತ್ತಿದ್ದಳು.

ಅವಳು ಚೆನ್ನಾಗಿ ಹೊಡೆಯುತ್ತಿದ್ದಳು ಎಂಬುದನ್ನೂ ಹೇಳಲೇಬೇಕು. ಖೋ-ಖೋ ಆಡಿ ಬೆಳೆದವಳು, ಜಿಲ್ಲೆಯ ಮಟ್ಟದವರೆಗೆ ಹೋಗಿದ್ದವಳು. ಮದುವೆಗೆ ಮೊದಲು ದೈಹಿಕ ಶಿಕ್ಷಣದ ತರಬೇತಿ ಮುಗಿಸಿದ್ದಳು, ಮದುವೆಯಾದ ಮೇಲೆ ಅದು ಹಾಗೇ ಉಳಿದಿತ್ತು. ಯಾವಾಗ ಮುನ್ನುಗ್ಗಬೇಕು, ಯಾವಾಗ ಪಕ್ಕಕ್ಕೆ ಸರಿಯಬೇಕು ಎಂಬುದು ಅವಳಿಗೆ ಮೈಯಲ್ಲೇ ಇತ್ತು. ಅದೇ ನನಗೆ ಇನ್ನೂ ಉರಿಯುತ್ತಿತ್ತು. ಹೊಟ್ಟೆಕಿಚ್ಚು ಎಂದು ಈಗ ಸಲೀಸಾಗಿ ಹೇಳುತ್ತೇನೆ, ಆಗ ಅದಕ್ಕೆ ನ್ಯಾಯ ಎಂದು ಹೆಸರಿಟ್ಟುಕೊಂಡಿದ್ದೆ.

ಮತ್ತೆ ಮತ್ತೆ ಸತ್ತು ಸತ್ತು ಕೊನೆಗೆ ನಾದಿನಿ, "ಹಿಂಗಾದ್ರೆ ಆಗಲ್ಲ, ಹೊಸದಾಗಿ ಶುರು ಮಾಡಾನ, ಯಾರು ಏನು ಅಂತ ಇನ್ನೊಂದ್ ಸಲ ನೋಡ್ಕೊಳ್ರಿ," ಎಂದಳು. ನಾನು ತಕ್ಷಣ ಕತ್ತಿ ನನ್ನದು ಎಂದೆ. "ನಂಗೆ ಕತ್ತಿನೇ ಇರ್ಲಿ ಅಕ್ಕ," ಎಂದು ವಾರಗಿತ್ತಿ ಮೆಲ್ಲಗೆ ಎಂದಳು. ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಆಗ ತಮ್ಮ ಹೊನ್ನಾಳಿಯಿಂದ ನಗುತ್ತಾ, "ಇಷ್ಟ್ಯಾಕೆ ಕಿತ್ತಾಡ್ತೀರಿ, ನಿಮ್ ಮನೇಲಿ ಎಲ್ಲಾದಕ್ಕೂ ಹೂ ಕೇಳ್ತೀರಲ್ಲ, ಇದಕ್ಕೂ ಕೇಳ್ರಿ," ಎಂದ.

ಅದು ನಿಜವೇ. ನಮ್ಮ ಅತ್ತೆಯ ಮನೆಯಲ್ಲಿ ಯಾವ ತೋಟದ ಖೇಣಿ ಹಿಡಿಯಬೇಕು, ಯಾವ ಹುಡುಗಿಯನ್ನು ತರಬೇಕು, ಎಲ್ಲವನ್ನೂ ದೇವರಿಗೆ ಹೂ ಇಟ್ಟು ಕೇಳುವ ಪದ್ಧತಿ. ದೇವರ ಎಡಬಲ ಹೆಗಲಿಗೆ ಒಂದೊಂದು ಹೂವನ್ನು ನೀರಲ್ಲಿ ಅದ್ದಿ ಅಂಟಿಸುವುದು, ಕೈ ಮುಗಿದು ಕೇಳುವುದು, ಕಾಯುವುದು. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಬಿದ್ದ ಮೇಲೆ ಎದುರು ಮಾತಿಲ್ಲ, ಕೇಳಿದ್ದನ್ನೇ ಇನ್ನೊಮ್ಮೆ ಕೇಳುವಂತೆಯೂ ಇಲ್ಲ. ಅತ್ತೆಗೆ ಮಂಡಿನೋವು ಬಂದಾಗಿನಿಂದ ದೇವರ ಮನೆಯ ಪೂಜೆ ದೊಡ್ಡ ಸೊಸೆಯಾದ ನನ್ನದು, ಹೂ ಇಡುವ ಕೈಯೂ ನನ್ನದೇ.

ಮರುದಿನ ಬೆಳಿಗ್ಗೆ ಪೂಜೆಗೆ ಕೂತಾಗ ವಾರಗಿತ್ತಿ ಸ್ನಾನ ಮಾಡಿ ಬಂದು ಹೊಸಿಲಲ್ಲಿ ನಿಂತಳು. "ಕೇಳಕ್ಕ," ಎಂದಳು. ನಗುತ್ತಾಳೆ ಎಂದುಕೊಂಡು ತಿರುಗಿ ನೋಡಿದರೆ ಅವಳು ಆಗಲೇ ಕಣ್ಣು ಮುಚ್ಚಿ ಕೈ ಮುಗಿದಿದ್ದಳು. ನಾನು ಸೇವಂತಿಗೆಯ ಎರಡು ಹೂ ತೆಗೆದುಕೊಂಡೆ. ಎಡಗಡೆಯದಕ್ಕೆ ತೇಯ್ದ ಗಂಧವನ್ನು ದಪ್ಪಗೆ ಮೆತ್ತಿ ಒತ್ತಿದೆ. ಬಲಗಡೆಯದನ್ನು ಸುಮ್ಮನೆ ಅಂಚಿಗೆ ತಾಗಿಸಿದೆ. ಆಮೇಲೆ ದೊಡ್ಡ ಭಕ್ತೆಯ ಹಾಗೆ ಗಟ್ಟಿಯಾಗಿ, "ಆ ಕಂಪ್ಯೂಟರ್ ಆಟದಾಗೆ ಗುಣ ಮಾಡೋ ವೈದ್ಯೆ ನನ್ನ ತಂಗಿನೇ ಆಗಬೇಕು ಅಂದ್ರೆ ಬಲಗಡೆ ಹೂ ಕೊಡಪ್ಪಾ," ಎಂದೆ. ಹೂ ಬೀಳದೆ ಏನು ಮಾಡೀತು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮ ಮನೆಯಲ್ಲಿ ದೇವರು ಬಾಯೇ ಬಿಟ್ಟಿರಲಿಲ್ಲ, ಪೂಜಾರಿಯೇ ಕೊಟ್ಟು ಮುಗಿಸಿದ್ದಳು.

ಅವಳು ಕಣ್ಣು ಬಿಟ್ಟು ಬಿದ್ದ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಮುಡಿದುಕೊಂಡಳು. "ಆಯ್ತು ಬಿಡಕ್ಕ, ನಾನೇ ಆಗ್ತೀನಿ," ಎಂದಳು. ಮುಖದಲ್ಲಿ ಒಂದು ಚೂರೂ ಬೇಸರ ಇರಲಿಲ್ಲ. ನನಗೆ ಆಗಲೇ ಒಳಗೆ ಚುರುಕ್ ಎಂದಿತು, ಆದರೆ ಒಂದು ಆಟಕ್ಕೆ ಇಷ್ಟೆಲ್ಲ ಯಾಕೆ ಎಂದು ಮಂಗಳಾರತಿ ಮುಗಿಸಿ ಎದ್ದೆ.

ಅಲ್ಲಿಂದ ನಮ್ಮ ತಂಡಕ್ಕೆ ಶುಕ್ರದೆಸೆ. ಹೋದ ಗುಹೆಯಲ್ಲೆಲ್ಲ ಗೆಲುವು. ನಾನು ಕತ್ತಿ ಹಿಡಿದು ಹೊಡೆದದ್ದೇ ಹೊಡೆದದ್ದು. "ಅತ್ತಿಗೆ, ಏನ್ರೀ ಇದು, ಸಾಯೋದೇ ಇಲ್ವಲ್ಲ ನೀವು!" ಎಂದು ನಾದಿನಿ ಬೆರಗಾಗುತ್ತಿದ್ದಳು. ನನಗೂ ಹಾಗೇ ಅನಿಸುತ್ತಿತ್ತು, ನಾನೇ ಏನೋ ಗಟ್ಟಿಗಿತ್ತಿ ಎಂದು. ಪಕ್ಕದ ಕುರ್ಚಿಯಲ್ಲಿ ವಾರಗಿತ್ತಿ ಮಾತಿಲ್ಲದೆ, ಕುಣಿತವಿಲ್ಲದೆ, ಪರದೆಯ ಮೂಲೆಯ ಮೇಲೆ ಕಣ್ಣಿಟ್ಟು ಬೆರಳಾಡಿಸುತ್ತಿದ್ದಳು. ನನ್ನ ಪಟ್ಟಿ ಕೆಂಪಾಗುವ ಮೊದಲೇ ತುಂಬಿಸುತ್ತಿದ್ದಳು, ನನಗೆ ತಿಳಿಯುತ್ತಲೂ ಇರಲಿಲ್ಲ.

ಕಾರ್ತೀಕ ಕಳೆದ ಮೇಲೆ ಮಾವನಿಗೆ ಲಕ್ವ ಹೊಡೆಯಿತು. ಹಿತ್ತಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದವರು ಹಾಗೇ ಕುಸಿದರು. ಬಲಗಡೆಯ ಕೈಕಾಲು ಹೋಯಿತು, ಮಾತು ಹೋಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ ಮೇಲೆ ದಿನಕ್ಕೆರಡು ಸಲ ಕೈಕಾಲು ತಿಕ್ಕಿ ಮಡಚಿ ಬಿಡಿಸಬೇಕು, ತುತ್ತು ಇಡಬೇಕು, ಹೊರಳಿಸಬೇಕು, ಉಳಿದದ್ದನ್ನೆಲ್ಲ ಮಾಡಬೇಕು. ಗಂಡಸರು ಕೊಯ್ಲಿನಲ್ಲಿದ್ದರು. ಅತ್ತೆಗೆ ಕೂತರೆ ಏಳಲಾಗದು. ಯಾರು ನೋಡಿಕೊಳ್ಳಬೇಕು ಎಂದು ನಾವು ಮಾತೇ ಆಡಲಿಲ್ಲ. ಮಾವ ಮನೆಗೆ ಬಂದ ದಿನವೇ ವಾರಗಿತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಣ್ಣೆಯ ಬಟ್ಟಲು ತಂದು ಅವರ ಕಾಲ ಬಳಿ ಕೂತಳು. ಅವಳ ಗುಣವೇ ಹಾಗೆ ಎಂದುಕೊಂಡು ನಾನು ಸೆಂಟರಿನ ಬೀಗದ ಕೈ ತೆಗೆದುಕೊಂಡು ಹೊರಟೆ.

ತಿಂಗಳುಗಳು ಹೋದವು. ಮಾವ ಎದ್ದು ಕೂತು ಎಡಗೈಯಲ್ಲಿ ಲೋಟ ಹಿಡಿಯುವಷ್ಟಾದರು, "ಬಾ", "ಬ್ಯಾಡ" ಎನ್ನುವಷ್ಟಾದರು. ಆಗ ಒಂದು ದಿನ ನಾದಿನಿ ಸೆಂಟರಿಗೆ ಫೋನ್ ಮಾಡಿದಳು. "ಅತ್ತಿಗೆ, ನಮ್ ಶಾಲೇಲಿ ಪಿ.ಟಿ. ಟೀಚರ್ ಜಾಗ ಖಾಲಿ ಐತೆ. ಚಿಕ್ಕತ್ತಿಗೆಯ ವಿಷ್ಯ ಹೇಳಿದ್ದಕ್ಕೆ ಹೆಡ್‌ಮಾಸ್ಟ್ರು ಬರಾಕೆ ಹೇಳ್ಯಾರೆ. ಮುಂದಿನ ಸೋಮವಾರ ಸಂಜೆ ಒಳಗೆ ಬಂದು ಕಾಣಬೇಕಂತೆ, ಇಲ್ಲಾಂದ್ರೆ ಬೇರೆಯೋರನ್ನ ತಗೊಂತಾರೆ. ಹೊನ್ನಾಳಿಗ್ ಬಂದು ಬಸ್ ಬದಲಿಸಿದ್ರೆ ಆತು, ದಿನಾ ಓಡಾಡಬಹುದು."

ಸಂಜೆ ಮನೆಗೆ ಬಂದು ಹೇಳಿದೆ. ವಾರಗಿತ್ತಿ ಮಾವನ ಕಾಲು ತಿಕ್ಕುತ್ತಿದ್ದಳು. ಮೈದಾನ, ಮಕ್ಕಳು, ಸೀಟಿ ಎಂದೆಲ್ಲ ಕೇಳುತ್ತಿದ್ದ ಹಾಗೆ ಅವಳ ಕೈ ನಿಂತಿತು. ಕಣ್ಣು ಅರಳಿದ್ದನ್ನು ನಾನು ನೋಡಿದೆ. ಆಮೇಲೆ ಮತ್ತೆ ಎಣ್ಣೆ ಹಚ್ಚಿಕೊಂಡು ತಿಕ್ಕತೊಡಗಿದಳು.

"ಬ್ಯಾಡ ಬಿಡಕ್ಕ. ನಂಗೆ ಅವತ್ತೇ ಹೂ ಬಿದ್ದೈತಲ್ಲ, ಗುಣ ಮಾಡೋ ಕೆಲಸ ನಂದು ಅಂತ."

"ಅದು ಆಟಕ್ಕೆ ಕೇಳಿದ್ದಲ್ಲೇನೇ!"

"ನಾವು ಆಟಕ್ಕೆ ಕೇಳಿದ್ವಿ. ದೇವ್ರು ಆಟಕ್ಕೆ ಹೇಳ್ಯಾನಾ? ಮಾವಗೆ ಹಿಂಗಾಗತೈತಿ ಅಂತ ಆತಗೆ ಮೊದ್ಲೇ ಗೊತ್ತಿತ್ತು."

ಮಂಚದ ಪಕ್ಕ ಕಾಲು ಚಾಚಿ ಕೂತಿದ್ದ ಅತ್ತೆ ಇಬ್ಬರ ಮುಖವನ್ನೂ ನೋಡಿದರು. "ಆಟಕ್ಕೆ ಹೂ ಕೇಳಿದ್ರಾ? ಎಲ್ಲಿ ಹುಟ್ಟಿದ್ರೇ ನನ್ನ ಸೊಸೆಯಂದಿರಾ!" ಎಂದು ಕೆನ್ನೆ ಕೆನ್ನೆ ಬಡಿದುಕೊಂಡರು. ಆಮೇಲೆ ಸಮಾಧಾನವಾಗಿ, "ಹೆಂಗಾರ ಕೇಳ್ರಿ, ಬಿದ್ದ ಹೂ ಬಿದ್ದಂಗೆ. ಚಿಕ್ಕೋಳು ಹೇಳೋದು ಖರೆ ಐತಿ," ಎಂದರು. ಮಾವ ಎಡಗೈ ಎತ್ತಿ ಅವಳ ತಲೆಯ ಮೇಲಿಟ್ಟರು.

ಆ ಕ್ಷಣವೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಅವಳು ನ್ಯಾಮತಿಗೆ ಹೋದರೆ ಆ ಎಣ್ಣೆಯ ಬಟ್ಟಲು ನನ್ನ ಕೈಗೆ ಬರುತ್ತದೆ ಎಂದು ಲೆಕ್ಕ ಹಾಕಿದೆ. ಸೆಂಟರ್ ಅರ್ಧ ದಿನ ಮುಚ್ಚಬೇಕು. ಮಾವನ ಹಾಸಿಗೆ ಬಟ್ಟೆ ನಾನು ತೆಗೆಯಬೇಕು. ನನಗೆ ಅದು ಬೇಕಿರಲಿಲ್ಲ. ಆಟದಲ್ಲಿ ಹೇಗೆ ಬೇಕಿರಲಿಲ್ಲವೋ ಹಾಗೇ ಮನೆಯಲ್ಲೂ ಬೇಕಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಒಳಗೆ ಹೋಗಿ ಅನ್ನಕ್ಕಿಟ್ಟೆ.

ಆದರೆ ಗಂಟಲಲ್ಲಿ ಅನ್ನ ಇಳಿಯಬೇಕಲ್ಲ. ಬೆಳಿಗ್ಗೆ ದೇವರ ಮುಂದೆ ಕೂತರೆ ಗಂಧ ತೇಯಲು ಕೈ ಬರುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಸ್ಥಿತಿ ನನ್ನದು. ಅತ್ತೆ "ಹೂ ತಂದ್ಯಾ?" ಎಂದು ಸುಮ್ಮನೆ ಕೇಳಿದರೂ ಬುಟ್ಟಿಯನ್ನು ಬೆನ್ನ ಹಿಂದೆ ಮಾಡುತ್ತಿದ್ದೆ. ತಾಳಲಾರದೆ ಬುಧವಾರ ಸೆಂಟರ್ ಮುಚ್ಚಿ ಹೊನ್ನಾಳಿಗೆ ಹೋದೆ. ತಮ್ಮ ಗೊಬ್ಬರದ ಚೀಲಗಳ ನಡುವೆ ಕುರ್ಚಿ ಹಾಕಿ ಕೂರಿಸಿ ಟೀ ತರಿಸಿದ. ಎಲ್ಲವನ್ನೂ ಹೇಳಿದೆ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಅಳುತ್ತಿರುವುದು ಕಂಡ ಮೇಲೆ ನಗು ನಿಲ್ಲಿಸಿದ.

"ಅಕ್ಕ, ಬಾಯ್ ಮುಚ್ಕೊಂಡಿರು," ಎಂದ. "ಹೇಳಿದ್ರೆ ಏನಾಗತೈತಿ? ನಿಮ್ಮತ್ತೆ ನಿನ್ನ ಮನೆಗೆ ಸೇರಿಸಲ್ಲ. ಆಕೆಗೂ ಬೇಜಾರು. ಮುದುಕಂಗೆ ಯಾರು ಮಾಡ್ತಾರೆ? ಎಲ್ಲಾರೂ ಸಮಾಧಾನವಾಗಿ ಇರೋವಾಗ ನೀನ್ಯಾಕೆ ಕಲ್ಲು ಎಸಿತೀಯ?"

"ಆಕಿಗೆ ಕೆಲಸ ಹೋಗತೈತಲ್ಲೋ."

"ಆಕೇನೇ ಬ್ಯಾಡ ಅಂದಾಳಲ್ಲ!"

ಅವನು ಹೇಳಿದ್ದು ನನಗೆ ಬೇಕಾದದ್ದನ್ನೇ. ಅದನ್ನು ಕೇಳಲೆಂದೇ ಅಷ್ಟು ದೂರ ಬಸ್ಸಿನಲ್ಲಿ ಹೋಗಿದ್ದೆ. ಆದರೂ ವಾಪಸ್ ಬರುವಾಗ ಅವನ ಮೇಲೇ ಸಿಟ್ಟು ಬಂತು, ಒಂದು ಬೈಗುಳವನ್ನಾದರೂ ಬೈಯಬಾರದಿತ್ತೇ ಎಂದು.

ಆ ಶನಿವಾರ ಜಗಳೂರಿನಲ್ಲಿ ವಾರಗಿತ್ತಿಯ ಅಣ್ಣನ ಮಗುವಿಗೆ ತೊಟ್ಟಿಲ ಶಾಸ್ತ್ರ ಇತ್ತು. ಮಾವನನ್ನು ನೋಡಿಕೊಳ್ಳಲು ನಾದಿನಿ ನ್ಯಾಮತಿಯಿಂದ ಬಂದಳು. ನಾವಿಬ್ಬರು ಹೋದೆವು. ಅವಳ ತವರು ದೊಡ್ಡ ಮನೆಯಲ್ಲ, ಮುಂದೆ ಮೆಕ್ಕೆಜೋಳದ ತೆನೆಯ ರಾಶಿ, ಒಳಗೆ ಒಂದೇ ಪಡಸಾಲೆ. ಗೋಡೆಯ ಮೇಲೆ ಅವಳು ಖೋ-ಖೋದಲ್ಲಿ ಗೆದ್ದ ಶೀಲ್ಡುಗಳನ್ನು ಸಾಲಾಗಿ ಮೊಳೆ ಹೊಡೆದು ತೂಗು ಹಾಕಿದ್ದರು. ಶಾಸ್ತ್ರಕ್ಕೆಂದು ಒರೆಸಿ ಕುಂಕುಮ ಇಟ್ಟಿದ್ದರು. ಅವಳ ತಾಯಿ ನನಗೆ ಬಿಸಿ ರೊಟ್ಟಿ ಬಡಿಸುತ್ತಾ ಪಕ್ಕದಲ್ಲೇ ಕೂತರು.

"ಯವ್ವಾ, ನನ್ನ ಮಗಳು ಕೆಲಸ ಕೆಲಸ ಅಂತ ಬಾಳ ಹಂಬಲಿಸ್ತಿದ್ಲು. ಮದುವಿ ಆದ ಮ್ಯಾಲೂ ಅದೇ ಚಿಂತಿ. ಈಗ ನೋಡ್ರಿ, ದೇವ್ರೇ ದಾರಿ ತೋರಿಸ್ಯಾನೆ ಅಂತ ಎಷ್ಟು ನೆಮ್ಮದಿಯಿಂದ ಐದಾಳೆ. ನೀವು ದೊಡ್ಡ ಮನಸ್ಸಿನಿಂದ ಹೂ ಕೇಳಿದ್ರಂತೆ. ನಿಮ್ಮಂಥ ಅಕ್ಕ ಸಿಗಾಕೆ ಪುಣ್ಯ ಮಾಡಿರಬೇಕು."

ಅವರು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಎದುರಿಗೆ ಶೀಲ್ಡುಗಳು. ನಾಚಿಕೆಯಾಗುತ್ತದೆ ಎಂಬ ಮಾತನ್ನು ನಾನು ಎಷ್ಟೋ ಸಲ ಸುಮ್ಮನೆ ಬಳಸಿದ್ದೇನೆ. ನಾಚಿಕೆ ಎಂದರೆ ಏನು ಎಂಬುದು ಆ ರೊಟ್ಟಿ ಅಗಿಯುವಾಗ ಗೊತ್ತಾಯಿತು.

ಭಾನುವಾರ ಹಗಲಲ್ಲೇ ವಾಪಸ್ ಹೊರಟೆವು. ಬಸ್ಸು ಊರು ಬಿಟ್ಟು ಬಯಲಿಗೆ ಬಿತ್ತು. ಅವಳು ಕಿಟಕಿಯ ಪಕ್ಕ, ಮಡಿಲಲ್ಲಿ ತಾಯಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ. ಮಾವನಿಗೆ ಹೋಳಿಗೆ ಮೆತ್ತಗೆ ಮಾಡಿ ಹಾಲಲ್ಲಿ ಕಲಸಿ ಕೊಡಬಹುದೇ ಎಂದು ನನ್ನನ್ನು ಕೇಳಿದಳು. ನನಗೆ ತಡೆಯಲಾಗಲಿಲ್ಲ.

"ಅವತ್ತು ಹೂ ದೇವ್ರು ಕೊಟ್ಟಿದ್ದಲ್ಲ ಕಣೇ. ನಾನು ಕೊಟ್ಟಿದ್ದು."

ಅವಳಿಗೆ ಅರ್ಥವಾಗಲಿಲ್ಲ. ಎಡಗಡೆಯ ಹೂವಿಗೆ ಗಂಧ ಮೆತ್ತಿದ್ದನ್ನು, ಬಲಗಡೆಯದನ್ನು ಬೀಳುವ ಹಾಗೇ ಇಟ್ಟದ್ದನ್ನು ಬಿಡಿಸಿ ಹೇಳಿದೆ. ಕತ್ತಿಯ ಆಸೆಗೆ ಮಾಡಿದೆ ಎಂದೆ. ಆಮೇಲೆ ಸೆಂಟರ್ ಬಿಡಲಾರದೆ ಸುಮ್ಮನಿದ್ದೆ ಎಂದೆ. ಅದನ್ನು ಹೇಳುವುದು ಮೊದಲಿನದನ್ನು ಹೇಳುವುದಕ್ಕಿಂತ ಕಷ್ಟವಾಯಿತು. "ನಾಳೆ ಹೋಗು ನ್ಯಾಮತಿಗೆ. ಇನ್ನೂ ಟೈಮ್ ಐತೆ. ಮಾವನ್ನ ನಾನು ನೋಡ್ಕೊಂತೀನಿ," ಎಂದೆ.

ಅವಳು ಡಬ್ಬಿಯನ್ನು ಮಡಿಲಿಂದ ತೆಗೆದು ಕಾಲ ಬಳಿ ಇಟ್ಟಳು. ಬೈಯಲಿ ಎಂದು ಕಾದೆ. ಕೆನ್ನೆಗೆ ಎರಡು ಬಿಟ್ಟರೂ ಸರಿ, ಬಸ್ಸಿನಲ್ಲಿ ಎಲ್ಲರೂ ನೋಡಿದರೂ ಸರಿ ಎಂದುಕೊಂಡೆ.

"ಕತ್ತಿ ಬೇಕಿದ್ರೆ ಕೇಳಬೇಕಿತ್ತಕ್ಕ," ಎಂದಳು. "ಇನ್ನೊಂದ್ ಸಲ ಬಾಯ್ ಬಿಟ್ಟು ಕೇಳಿದ್ರೆ ಕೊಡ್ತಿದ್ದೆ."

"ತಪ್ಪಾತು ಕಣೇ."

"ಕೆಲಸದ್ದು ಬಿಡು. ಮಾವಂದು ಬಳಿಯೋವಾಗ ಒಂದೊಂದು ದಿನ ನಂಗೂ ಹೇಸಿಗೆ ಆಗೋದು. ಓಡಿ ಹೋಗಬೇಕು ಅನ್ಸೋದು. ಆಗ ಹೂ ನೆನೆಸ್ಕೊಂತಿದ್ದೆ. ಇಷ್ಟು ಜನದಾಗೆ ದೇವ್ರು ನನ್ನನ್ನೇ ಆರಿಸ್ಯಾನೆ ಅಂದ್ಕೊಂತಿದ್ದೆ. ಹಂಗಂದ್ಕೊಂಡ್ರೆ ಕೈ ಮುಂದೆ ಹೋಗೋದು." ನನ್ನ ಕಡೆ ತಿರುಗಿದಳು. "ಇನ್ ಮ್ಯಾಲೆ ಏನು ನೆನೆಸ್ಕೊಳ್ಳಲಿ, ಹೇಳು."

ಅವಳ ಕೆಲಸವನ್ನು ಕಿತ್ತುಕೊಂಡದ್ದಷ್ಟೇ ನನ್ನ ತಪ್ಪು, ಅದನ್ನು ತಿರುಗಿ ಕೊಟ್ಟರೆ ತೀರಿತು ಎಂದುಕೊಂಡಿದ್ದೆ. ಅವಳು ಅಷ್ಟು ತಿಂಗಳು ಯಾವುದನ್ನು ಹಿಡಿದುಕೊಂಡು ನಿಂತಿದ್ದಳೋ ಅದನ್ನೂ ಈಗ ನಾನೇ ಕಿತ್ತುಕೊಂಡೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿದೆವು.

ಮನೆಗೆ ಬಂದವಳೇ ನಾದಿನಿಗೆ, "ನಾಳೆ ನಿನ್ ಜೊತಿಗೇ ಬರ್ತೀನಿ," ಎಂದಳು. ಅತ್ತೆಗೆ ವಿಷಯವನ್ನು ನಾನೇ ಹೇಳಿದೆ. ಅವರು ಕೂಗಾಡಲಿಲ್ಲ. "ಇವತ್ತಿಂದ ದೇವ್ರ ಮನೆ ಹೊಸಿಲು ತುಳೀಬ್ಯಾಡ ನೀನು," ಎಂದರು, ಅಷ್ಟೇ. ಈಗ ಅವರೇ ಗೋಡೆ ಹಿಡಿದುಕೊಂಡು ಹೋಗಿ, ಸ್ಟೂಲಿನ ಮೇಲೆ ಕೂತು, "ಅಮ್ಮಾ, ಅಪ್ಪಾ" ಎಂದು ನರಳುತ್ತಾ ಪೂಜೆ ಮಾಡುತ್ತಾರೆ. ಒಂದೊಂದು ನರಳಿಕೆಯೂ ಅಡುಗೆಮನೆಯವರೆಗೆ ಕೇಳಿಸುತ್ತದೆ.

ವಾರಗಿತ್ತಿಗೆ ಕೆಲಸ ಸಿಕ್ಕಿತು. ಬೆಳಿಗ್ಗೆ ಬೇಗ ಎದ್ದು ಹೊರಡುತ್ತಾಳೆ. ಮಾವನ ಕಾಲ ಬಳಿ ಈಗ ನಾನು. ಮೊದಮೊದಲು ನನ್ನ ಕೈ ತಾಗಿದರೆ ಮಾವ "ಬ್ಯಾಡ" ಎಂದು ಬಾಗಿಲ ಕಡೆ ನೋಡುತ್ತಿದ್ದರು. ನಾನು ತಿಕ್ಕುವುದು ಒರಟು ಎಂದು ನನಗೇ ಗೊತ್ತು. ಅವಳು ಸಂಜೆ ಬಂದು ಕೈಕಾಲು ತೊಳೆದು ನೇರ ಅವರ ಹತ್ತಿರ ಹೋಗುತ್ತಾಳೆ, ಮಡಚಿಸಿ ಬಿಡಿಸಿ ನೋಡುತ್ತಾಳೆ, ಎಲ್ಲಿ ಬಿಗಿಯಾಗಿದೆಯೋ ಅಲ್ಲಿ ಸಡಿಲ ಮಾಡುತ್ತಾಳೆ. ನನಗೆ ಒಂದು ಮಾತೂ ಅನ್ನುವುದಿಲ್ಲ. ಊಟಕ್ಕೆ ಕರೆಯುತ್ತಾಳೆ, ಶಾಲೆಯ ಮಕ್ಕಳ ಕಥೆ ಹೇಳುತ್ತಾಳೆ, ನಗುತ್ತಾಳೆ. ಕ್ಷಮಿಸಿದ್ದಾಳೆ ಎಂದು ನಾನು ತಿಳಿದುಕೊಂಡೆ.

ಮಳೆ ಹಿಡಿದು ಗಂಡಸರು ಮನೆಯಲ್ಲಿದ್ದ ಒಂದು ಭಾನುವಾರ, ಮಾವ ಬಿದ್ದಾಗಿನಿಂದ ನಿಂತಿದ್ದ ಆಟಕ್ಕೆ ಮತ್ತೆ ಕೂತೆವು, ಮೊದಲಿನಿಂದ. ಯಾರು ಏನು ಎಂದು ನಾದಿನಿ ಕೇಳುವ ಮೊದಲೇ ನಾನು ವೈದ್ಯೆಯನ್ನು ಒತ್ತಿದೆ. ವಾರಗಿತ್ತಿ ಕತ್ತಿ ತೆಗೆದುಕೊಂಡಳು. ಆ ಆಟದಲ್ಲಿ ಹೊರಡುವ ಮೊದಲು ಒಂದು ಸಂತೆ ಬರುತ್ತದೆ, ಕೈಯಲ್ಲಿದ್ದ ಹೊನ್ನಿಗೆ ಕವಚವೋ ಗುರಾಣಿಯೋ ಕೊಂಡುಕೊಳ್ಳಬಹುದು. ಅಲ್ಲಿ ಮದ್ದಿನ ಸೀಸೆಗಳೂ ಇರುತ್ತವೆ, ಕುಡಿದರೆ ಗಾಯ ತಾನೇ ಮಾಯುತ್ತದೆ. ತಂಡದಲ್ಲಿ ವೈದ್ಯೆ ಇಲ್ಲದವರು ಕೊಳ್ಳುವ ವಸ್ತು ಅದು.

"ಚಿಕ್ಕತ್ತಿಗೆ, ಹೊನ್ನೆಲ್ಲ ಸೀಸೆಗೇ ಹಾಕಿದ್ರಾ? ಗುರಾಣಿ ಬ್ಯಾಡೇನ್ರೀ?" ಎಂದು ನಾದಿನಿ ಕೇಳಿದಳು. ವಾರಗಿತ್ತಿ ಆಗಲೇ ಗುಹೆಯ ಬಾಗಿಲಲ್ಲಿದ್ದಳು.

ಗುಹೆಯೊಳಗೆ ಹೋದೆವು. ಅವಳು ಮುಂದೆ, ನಾನು ಎಲ್ಲರಿಗಿಂತ ಹಿಂದೆ. ರಾಕ್ಷಸನ ಮುಖವನ್ನು ನಾನು ನೋಡಲೇ ಇಲ್ಲ, ಅವಳ ಪಟ್ಟಿಯ ಮೇಲೇ ಕಣ್ಣಿಟ್ಟಿದ್ದೆ. ಏಟು ಬಿತ್ತು, ಪಟ್ಟಿ ಅರ್ಧಕ್ಕಿಳಿಯಿತು. ನಾನು ಒತ್ತುವಷ್ಟರಲ್ಲಿ ಅವಳು ಸೀಸೆ ಕುಡಿದಿದ್ದಳು. ಮತ್ತೆ ಏಟು. ಈ ಸಲ ಬೇಗ ಒತ್ತಿದೆ, ಅವಳು ಅದಕ್ಕೂ ಮೊದಲೇ ಕುಡಿದಳು. ಮುಂದಿನ ಏಟಿಗೂ ಅಷ್ಟೇ, ಅದರ ಮುಂದಿನದಕ್ಕೂ ಅಷ್ಟೇ.

"ನಾನು ಇದೀನಲ್ಲೇ, ಸೀಸೆ ಯಾಕೆ ಖಾಲಿ ಮಾಡ್ತೀಯ?" ಎಂದೆ.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಇರ್ಲಿ ಬಿಡಕ್ಕ. ನೀನು ಅವರಿಬ್ಬರನ್ನ ನೋಡ್ಕೋ," ಎಂದಳು.